ರಾಟೆಯ ಹಿಡಿ

ಸೆವೆರಿನೊ ಬಲ್ಲಾರಟ್‌ನ ಚಿನ್ನದ ಬಯಲಿಗೆ ವಾಪಸು ಬಂದಾಗ ಅವನ ಗುಂಡಿಯ ಮೇಲಿನ ರಾಟೆ ತಿರುಗುತ್ತಿತ್ತು. ತಿರುಗಿಸುತ್ತಿದ್ದವನು ಪಕ್ಕದ ಡೇರೆಯ ಐರಿಶ್ ಗೆಳೆಯ ಫೆಲಿಮ್.

"ಓಹೋ, ಇಟಲಿ ದೊರೆ! ನಿನ್ನನ್ನ ಗಲ್ಲಿಗೆ ಹಾಕ್ಲಿಲ್ವಾ?"

"ಕೋರ್ಟಲ್ಲಿ ಪಂಚರು ಬಿಟ್ಟು ಕಳಿಸಿದ್ರು. ನನ್ನ ಗುಂಡೀಲಿ ನಿನಗೇನೋ ಕೆಲಸ?"

"ನಿನ್ನ ಗುಂಡಿ?" ಫೆಲಿಮ್ ನಕ್ಕ. "ಒಂದು ಹಗಲು, ಒಂದು ರಾತ್ರಿ ಆಳಿಲ್ದೆ ಬಿದ್ದಿದ್ರೆ ಗುಂಡಿ ಇಳಿದೋನದು. ಕಾಯ್ದೆ ಮರೆತ್ಯಾ?"

"ಜೈಲಲ್ಲಿದ್ದೆ ಕಣೋ!"

"ಎಲ್ಲಿದ್ರೇನು, ಇಲ್ಲಂತೂ ಇರ್ಲಿಲ್ಲ ತಾನೇ?"

ನೂರಿಪ್ಪತ್ತು ಅಡಿ. ಸೆವೆರಿನೊನೂ ಅವನ ತಮ್ಮನೂ ಏಳು ತಿಂಗಳು ತೋಡಿದ್ದರು. ಮಣ್ಣು ಕುಸಿಯದಂತೆ ಒಳಗೆ ನಿಲ್ಲಿಸಿದ ಒಂದೊಂದು ಹಲಗೆಯನ್ನೂ ಅವರೇ ಸೀಳಿದ್ದರು. ನೆಲದಡಿ ಹೂತುಹೋದ, ಚಿನ್ನ ಇಟ್ಟುಕೊಂಡ ಹಳೇ ಹೊಳೆಯ ಪಾತ್ರ ಸಿಗಲು ಇನ್ನು ಐದಾರು ಅಡಿ ಬಾಕಿ ಇದ್ದಾಗ, ಚಿನ್ನ ತೋಡಲು ಸರ್ಕಾರ ತಿಂಗಳು ತಿಂಗಳು ವಸೂಲಿ ಮಾಡುತ್ತಿದ್ದ ಲೈಸೆನ್ಸ್ ಹಣದ ವಿರುದ್ಧ ದಂಗೆ ಎದ್ದಿತು. ಭಾನುವಾರ ಬೆಳಿಗ್ಗೆ ಸಿಪಾಯಿಗಳು ದಂಗೆಯವರು ಕಟ್ಟಿದ್ದ ಮರದ ಬೇಲಿ ಮುರಿದು ನುಗ್ಗಿದರು. ತಮ್ಮ ಅಲ್ಲೇ ಗುಂಡು ತಿಂದು ಸತ್ತ. ಸೆವೆರಿನೊ ಅವನ ಕಣ್ಣು ಮುಚ್ಚುವ ಮೊದಲೇ ಕೈಗೆ ಕೋಳ ಬಿತ್ತು. ಅದಾಗಿ ನಾಲ್ಕು ತಿಂಗಳು. ಈಗ ಕೆಳಗಿನ ಆಳು ತುಂಬಿದ ಬಕೆಟ್ಟು ಮೇಲೆ ಬಂತು. ಫೆಲಿಮ್ ಅದನ್ನು ಕೊಕ್ಕೆಯಿಂದ ಬಿಡಿಸಿ ಮಗ್ಗುಲಿಗೆ ಸುರಿದ. ಹೊಳೆಯ ಮರಳು. ನಡುನಡುವೆ ಹಳದಿ ಕಾಳು.

"ನಿನ್ನನ್ಯಾಕೆ ಹಿಡೀಲಿಲ್ಲ ಅವತ್ತು?" ಸೆವೆರಿನೊ ಕೇಳಿದ. "ಲೈಸೆನ್ಸ್ ಸುಡ್ರೋ, ಗಂಡಸರಾದ್ರೆ ಸುಡ್ರೋ ಅಂತ ಕೂಗಿದೋನು ನೀನು. ನನ್ನ ತಮ್ಮನ ಜೇಬಿಗೆ ಕೈ ಹಾಕಿ ಅವನದ್ದನ್ನೂ ಕಿತ್ತು ಬೆಂಕಿಗೆ ಎಸೆದೆ."

"ನಾನೂ ಸುಟ್ಟೆನಪ್ಪ. ಊರೇ ನೋಡಿದೆ."

"ಮತ್ತೆ ಸಿಪಾಯಿಗೆ ತೋರಿಸಿದ್ದೇನು?"

ಫೆಲಿಮ್ ಪಕ್ಕಕ್ಕೆ ಉಗಿದ. "ಸುಟ್ಟಿದ್ದು ಹಿಂದಿನ ತಿಂಗಳದು. ಆ ತಿಂಗಳದು ಜೇಬಲ್ಲೇ ಇತ್ತು. ಮನೇಲಿ ಐದು ಮಕ್ಕಳು ಕಣಯ್ಯ. ನಿನಗೇನು, ಹಿಂದಿಲ್ಲ ಮುಂದಿಲ್ಲ."

ಸೆವೆರಿನೊ ಬಿದ್ದಿದ್ದ ಗುದ್ದಲಿಗೆ ಕೈ ಹಾಕಿದ. ಗಲಾಟೆ ಕೇಳಿ ಸುತ್ತಲ ಗುಂಡಿಗಳಿಂದ ಜನ ಓಡಿಬರುತ್ತಿದ್ದರು. ಅವನು ಬಾಯಿ ತೆರೆಯುವ ಮೊದಲೇ ಫೆಲಿಮ್ ಕೂಗಿದ: "ನೋಡ್ರೋ ಯಾರು ಬಂದಿರೋದು! ನಮ್ಮೆಲ್ಲರ ಸಲುವಾಗಿ ಜೈಲು ಕಂಡು ಬಂದ ಸೆವೆರಿನೊ!"

ಅಪ್ಪಿಕೊಂಡರು, ಬೆನ್ನು ತಟ್ಟಿದರು. ಒಬ್ಬ ಬ್ರಾಂದಿ ಬಾಟಲಿಯನ್ನೇ ಅವನ ಬಾಯಿಗಿಟ್ಟ. ಸೆವೆರಿನೊ ಎಲ್ಲರನ್ನೂ ತಳ್ಳಿಕೊಂಡು ಹೋಗಿ ಮುದುಕ ಜಾಗೋನ ಮುಂದೆ ನಿಂತ. ಈ ಗುಂಡಿಗೆ ನಾಲ್ಕು ಮೂಲೆಯ ಗೂಟ ಹೊಡೆದ ದಿನ ಅಳತೆಯ ದಾರ ಹಿಡಿದಿದ್ದವನು ಅವನೇ.

"ಅಜ್ಜ, ನೀವೇ ಹೇಳಿ. ಇದು ಯಾರ ಗುಂಡಿ?"

ಜಾಗೋ ಚಿಲುಮೆಯನ್ನು ಬೂಟಿಗೆ ಕುಟ್ಟಿದ. ಬೂದಿ ಬಿದ್ದ ಮೇಲೂ ಕುಟ್ಟುತ್ತಲೇ ಇದ್ದ. "ಖಾಲಿ ಬಿದ್ದಿತ್ತಲ್ಲಪ್ಪಾ... ಎಲ್ಲರಿಗೂ ಒಂದೇ ಕಾಯ್ದೆ ಇರ್ಲಿ ಅಂತ ತಾನೇ ನಾವು ಬಡಿದಾಡಿದ್ದು?"

"ಆ ಮಾತು ಆಮೇಲೆ! ಎತ್ರೋ ನಮ್ಮ ಹುಲೀನ!" ಯಾರೋ ಅರಚಿದರು.

ಎತ್ತಿದರು. ಆ ಭಾನುವಾರ ಡೇರೆಯಿಂದ ತಲೆ ಹೊರಗೆ ಹಾಕದವರೂ ಹೆಗಲು ಕೊಟ್ಟರು. ಇಳಿಸ್ರೋ, ಇಳಿಸ್ರೋ ಎಂದು ಅವನು ಕೂಗಿದ್ದು ಜೈಕಾರದಲ್ಲಿ ಮುಳುಗಿಹೋಯಿತು. ಆ ಎತ್ತರದಿಂದ ಫೆಲಿಮ್ ಚೆನ್ನಾಗಿ ಕಾಣುತ್ತಿದ್ದ. ಎಲ್ಲರಿಗಿಂತ ಜೋರಾಗಿ ಅವನೇ ಕೂಗುತ್ತಿದ್ದ, ಟೋಪಿ ತೆಗೆದು ಗಾಳಿಯಲ್ಲಿ ಬೀಸುತ್ತ. ರಾಟೆಯ ಹಗ್ಗದಲ್ಲಿ ಭಾರವೇನೂ ಇರಲಿಲ್ಲ. ಆದರೂ ಅವನ ಇನ್ನೊಂದು ಕೈ ಹಿಡಿಯನ್ನು ಬಿಟ್ಟಿರಲಿಲ್ಲ.