ಅಜ್ಜಿ ಕುರಿ ಮೇಯಿಸಿದ ಕೆರೆ

ಒದ್ದೆ ಕಂಬಳಿಯ ವಾಸನೆ ಮೂಗಿಗೆ ಬಡಿದರೆ ಈಗಲೂ ಭಾಲ್ಕಿ ಹತ್ತಿರದ ಅಜ್ಜಿಯ ಊರಿನ ಕೆರೆ ನೆನಪಾಗುತ್ತದೆ.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷವದು. ಉಣ್ಣೆ ಕತ್ತರಿಸುವ ಮುನ್ನ ಅಜ್ಜಿ ಕುರಿಗಳ ಮೈ ತೊಳೆಯುತ್ತಿದ್ದಳು. ಕಚೇರಿಯ ಗುಮಾಸ್ತನಾಗಿದ್ದ ಅಪ್ಪ ದಂಡೆಯ ಮೇಲೆ ಮಂಕಾಗಿ ಕುಳಿತಿದ್ದ.

“ಇನ್ನ ದಫ್ತರದಾಗ ಎಲ್ಲಾ ಕನ್ನಡ ಅಂತವ್ವಾ. ನಂಗ ಉರ್ದು ಬಿಟ್ರ ಬರಿಲಾಕ ಬರಲ್ಲ. ನೌಕರಿ ಹ್ಯಾಂಗ ಉಳೀತದ?”

ಅಷ್ಟರಲ್ಲಿ, ತೇಲಿಹೋದ ತಂಬಿಗೆಯ ಬೆನ್ನುಹತ್ತಿ ದೂರ ಹೋಗಿದ್ದ ನಾನು ಜಾರಿ ಬಿದ್ದೆ. ಆಚೆ ದಡವೇ ಕಾಣದಷ್ಟು ದೊಡ್ಡ ಕೆರೆ. ಮೂಗು ಬಾಯಿಗೆಲ್ಲ ಕೆಸರುನೀರು ನುಗ್ಗಿ, ಸತ್ತೇ ಹೋದೆನೆಂದು ಕೈಕಾಲು ಬಡಿದೆ. ಅಪ್ಪ ಚೀರುತ್ತ ನೀರಿಗಿಳಿದು ಓಡಿಬಂದ. ಅಜ್ಜಿ ಮಾತ್ರ ಕುರಿಯ ಬೆನ್ನಿನಿಂದ ಕೈ ತೆಗೆಯಲಿಲ್ಲ.

“ಎದ್ದು ನಿಂದ್ರವ್ವಾ! ಬ್ಯಾಸಗ್ಯಾಗ ನಾ ಅಲ್ಲೇ ಕುರಿ ಮೇಯಿಸ್ತೇನಿ.”

ಎದ್ದು ನಿಂತೆ. ನೀರು ನನ್ನ ಮೊಣಕಾಲಿಗೆ ಬಂತು, ಅಪ್ಪನಿಗೆ ಅದಕ್ಕೂ ಕೆಳಗೆ. ಅವನು ನೀರು ನೋಡಿದ, ನನ್ನನ್ನು ನೋಡಿದ, ಆಮೇಲೆ ಗಟ್ಟಿಯಾಗಿ ನಕ್ಕುಬಿಟ್ಟ.

ಮನೆಗೆ ಬಂದವನೇ, ಆಗಷ್ಟೇ ಶಾಲೆಗೆ ಸೇರಿದ್ದ ನನ್ನ ಪಾಟಿ ಎಳೆದುಕೊಂಡು ಪಕ್ಕದಲ್ಲಿ ಕುಳಿತ.

“‘ಅ’ ಹ್ಯಾಂಗ ಬರೀತಾರ, ತೋರ್ಸವ್ವಾ.”