ಹೊರಗಿದ್ದ ಒಂದೇ ಹಡಗು

ಬಂದರು ಕಚೇರಿಯ ಐವಿಂದ್ ಪರದೆಯ ಮೇಲೆ ಬೆರಳಿಟ್ಟ. ಗಡಿರೇಖೆಯ ಆಚೆ ಒಂದೇ ಒಂದು ಹಸಿರು ಚುಕ್ಕೆ.

"ಇದೊಂದೇ ಇರೋದು. ರಷ್ಯದವರ ಮೀನು ಹಡಗು. ಹೋಗ್ತದೆ, ತಿರುಗ್ತದೆ, ಮತ್ತೆ ಪಕ್ಕದಲ್ಲೇ ವಾಪಸ್ ಬರ್ತದೆ. ಇಂಥಾ ಗಾಳೀಲಿ ಬಲೆ ಎಳೀತಿದಾರೆ, ಹುಚ್ಚರು."

ಹುಚ್ಚರಾದರೂ ಸರಿ, ಟೋರಿಲ್‌ಗೆ ಹಡಗು ಬೇಕಿತ್ತು. ಅವಳ ಮಗ ಯೂಸ್ಟೈನ್ ಹೋಗಿದ್ದ ದೋಣಿ ಬೆಳಗ್ಗೆ ಒಂಬತ್ತಕ್ಕೆ ಮಗುಚಿತ್ತು. ನಾಲ್ವರೂ ಹೇಗೋ ರಬ್ಬರ್ ತೆಪ್ಪಕ್ಕೆ ಹತ್ತಿಕೊಂಡಿದ್ದರು. ತೆಪ್ಪದಲ್ಲಿದ್ದ ಯಂತ್ರ ತಾನಿರುವ ಜಾಗವನ್ನು ನಿಮಿಷಕ್ಕೊಮ್ಮೆ ಸಾರುತ್ತಿತ್ತು. ಸಾರಿದರೇನು, ಹೋಗುವವರು ಯಾರು? ಹೆಲಿಕಾಪ್ಟರ್ ರೆಕ್ಕೆಗೆ ಮಂಜುಗಡ್ಡೆ ಕಟ್ಟಿ ಅರ್ಧ ದಾರಿಯಿಂದ ಮರಳಿತ್ತು. ಕಾವಲು ಹಡಗು ಬರಲು ಆರು ಗಂಟೆ ಬೇಕು. ಜನವರಿಯ ಆ ಸಮುದ್ರದಲ್ಲಿ ತೆಪ್ಪ ಎರಡು ಗಂಟೆ ತಡೆದರೆ ಹೆಚ್ಚು. ಹಸಿರು ಚುಕ್ಕೆ ಒಂದು ಗಂಟೆಯ ದೂರದಲ್ಲಿತ್ತು.

ಆಚೆಯವರಿಗೆ ಮನವಿ ಹೋಗಿದೆಯೆಂದು ಐವಿಂದ್ ಹೇಳಿದ. ಉತ್ತರ ಮೇಲಿನಿಂದ ಬರಬೇಕು. ಮೇಲಿನವರು ಅವರ ಮೇಲಿನವರನ್ನು ಕೇಳಬೇಕು. ಹಿಂದೆಲ್ಲ ಈ ಊರಿಂದ ಆ ಊರಿಗೆ ಒಂದು ಫೋನ್ ಮಾಡಿದ್ದರೆ ಮುಗಿದುಹೋಗುತ್ತಿತ್ತು. ಈಗ ಎರಡು ರಾಜಧಾನಿಗಳ ನಡುವೆ ಮಾತು ನಿಂತು, ಎರಡು ಊರುಗಳ ನಡುವಿನದೂ ನಿಂತಿತ್ತು.

ಟೋರಿಲ್ ಫೋನ್ ತೆಗೆದುಕೊಂಡು ಹೊರಗಿನ ಮೆಟ್ಟಿಲಿಗೆ ಬಂದಳು. ರಿಮ್ಮಾಳ ನಂಬರನ್ನು ಅವಳು ಅಳಿಸಿರಲಿಲ್ಲ.

ರಿಮ್ಮಾ ಹನ್ನೊಂದು ವರ್ಷ ಈ ಊರಿನ ಮೀನು ಕಾರ್ಖಾನೆಯಲ್ಲಿ ಟೋರಿಲ್‌ಳ ಪಕ್ಕದಲ್ಲೇ ನಿಂತು ಮೀನು ಸೀಳಿದವಳು. ನಾರ್ವೇಜಿಯನ್ ಕಲಿತದ್ದೂ ಅಲ್ಲೇ, ಬೈಗುಳ ಮೊದಲು, ವ್ಯಾಕರಣ ಆಮೇಲೆ. ನಿಮ್ಮ ಕಾಫಿ ಮೀನು ತೊಳೆದ ನೀರಿನ ಹಾಗಿದೆ ಎಂದು ದಿನಾ ಆಡಿಕೊಂಡು, ದಿನಾ ಎರಡು ಲೋಟ ಕುಡಿಯುತ್ತಿದ್ದಳು. ಆಮೇಲೆ ಗಡಿಯಾಚೆಯ ತನ್ನೂರಿಗೆ ಮರಳಿ ಒಂದು ಮೀನುಗಾರಿಕೆ ಕಂಪನಿಯ ರೇಡಿಯೋ ಕೋಣೆ ಸೇರಿದಳು. ಹಡಗುಗಳ ಜೊತೆ ಮಾತಾಡುವುದೇ ಅವಳ ಕೆಲಸ.

ಎರಡು ವರ್ಷದ ಹಿಂದೆ ಪುರಸಭೆಯಲ್ಲಿ ಆ ಊರಿನೊಂದಿಗಿನ ಗೆಳೆತನದ ಒಪ್ಪಂದ ರದ್ದಾಯಿತು. ಸದಸ್ಯೆಯಾಗಿದ್ದ ಟೋರಿಲ್ ರದ್ದತಿಯ ಪರ ಕೈ ಎತ್ತಿದ್ದಳು. ಫೋಟೋ ಪತ್ರಿಕೆಯಲ್ಲಿ ಬಂದಿತ್ತು. ರಿಮ್ಮಾ ಅದನ್ನು ನೋಡಿರಲೇಬೇಕು. ಅಂದಿನಿಂದ ಇಬ್ಬರೂ ಮಾತಾಡಿರಲಿಲ್ಲ.

ಫೋನ್ ಒಮ್ಮೆ ರಿಂಗಾಗುವುದರೊಳಗೆ ಅತ್ತ ಕಡೆ ಎತ್ತಿದರು. ರಷ್ಯನ್‌ನಲ್ಲಿ ಅವಸರದ ಒಂದೇ ಪ್ರಶ್ನೆ. ಟೋರಿಲ್‌ಗೆ ಅರ್ಥವಾಗಲಿಲ್ಲ.

"ರಿಮ್ಮಾ, ನಾನು. ಟೋರಿಲ್."

ಹಿಂದೆ ರೇಡಿಯೋದಲ್ಲಿ ಗಂಡಸೊಬ್ಬ ಒಂದೇ ಮಾತನ್ನು ಮತ್ತೆ ಮತ್ತೆ ಕೂಗುತ್ತಿದ್ದ.

ಟೋರಿಲ್ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ರಿಮ್ಮಾ ಕೊನೆಯವರೆಗೂ ಅಡ್ಡ ಮಾತಾಡಲಿಲ್ಲ.

"ಎಷ್ಟು ಜನ?"

"ನಾಲ್ಕು."

"ನಾಲ್ಕು," ಎಂದಳು ರಿಮ್ಮಾ, ಎಣಿಸುವವಳಂತೆ. "ಎಲ್ಲಿದಾರೆ ಅಂತ ಸರಿಯಾಗಿ ಗೊತ್ತಿದ್ಯಾ?"

"ಗೊತ್ತು. ಯಂತ್ರ ಹೇಳ್ತಾನೇ ಇದೆ."

"ಗೊತ್ತಿರೋದೇ ದೊಡ್ಡದು."

ಈ ತಣ್ಣನೆಯ ಮಾತಿಗೆ ಟೋರಿಲ್‌ಳ ಮೈ ಉರಿಯಿತು. ಹಡಗು ತಿರುಗಿಸಲು ಹೇಳೆಂದು ಬೇಡಿಕೊಂಡಳು. ಹಡಗು ಕೆಲಸದ ಮೇಲಿದೆ ಎಂದಳು ರಿಮ್ಮಾ. ಹಗಲಿನ ಮಬ್ಬು ಬೆಳಕು ಇರುವುದೇ ಎರಡು ಗಂಟೆ, ಈಗ ಬಿಟ್ಟು ಬಂದರೆ ಇವತ್ತಿನದು ಮುಗಿದ ಹಾಗೆ.

ಆ ಫೋಟೋದ ಸೇಡು, ಅಂದುಕೊಂಡಳು ಟೋರಿಲ್. ಇಲ್ಲವೇ ಮೇಲಿನವರ ಭಯ. ಮೆಟ್ಟಿಲ ಮೇಲೆ ಕುಸಿದು ಕೂತಳು.

"ಕೈ ಎತ್ತಿದವಳು ನಾನು, ನನ್ನ ಮಗ ಅಲ್ಲ. ನನ್ನನ್ನ ಏನು ಬೇಕಾದ್ರೂ ಅನ್ನು. ಮೀನು ನಾಳೆನೂ ಸಿಗ್ತದೆ ರಿಮ್ಮಾ. ನಿಂಗೂ ಒಬ್ಬ ಮಗ ಇದಾನಲ್ಲ?"

ರೇಡಿಯೋದ ದನಿಯೂ ಆಗ ನಿಂತಿತ್ತು. ಫೋನ್ ಕಟ್ಟಾಯಿತೇನೋ ಎಂದು ಟೋರಿಲ್ ಕಿವಿಯಿಂದ ತೆಗೆದು ನೋಡಿದಳು.

"ಇದಾನೆ," ಎಂದಳು ರಿಮ್ಮಾ. "ಫೋನ್ ಇಡಬೇಡ."

ಆಮೇಲೆ ಅವಳು ರಷ್ಯನ್‌ನಲ್ಲಿ ಮಾತಾಡಿದ್ದು ಕೇಳಿಸಿತು. ಗಂಡಸಿನ ದನಿ ಜಗಳಕ್ಕೆ ಬಂತು. ಅವಳು ಹೇಳಿದ್ದನ್ನೇ ಮತ್ತೆ ಹೇಳಿದಳು. ಅವನು ಮತ್ತೆ ಒಪ್ಪಲಿಲ್ಲ. ಮೂರನೇ ಸಲ ಅವಳು ಕಿರುಚಿದಳು. ಹನ್ನೊಂದು ವರ್ಷದಲ್ಲಿ ಟೋರಿಲ್ ಕೇಳದಿದ್ದ ದನಿ ಅದು.

"ತಿರುಗಿದಾರೆ," ಎಂದಳು ನಾರ್ವೇಜಿಯನ್‌ನಲ್ಲಿ. "ಇನ್ನು ಇಡು. ಈ ಫೋನ್ ನಂಗೆ ಬೇಕು."

ಒಳಗಿನಿಂದ ಐವಿಂದ್ ಕೂಗಿ ಕರೆದ. ಹಸಿರು ಚುಕ್ಕೆ ನೇರವಾಗಿ ಗೆರೆಯ ಕಡೆಗೆ ಬರುತ್ತಿತ್ತು.

ಐವತ್ತು ನಿಮಿಷಕ್ಕೆ ನಾಲ್ವರನ್ನೂ ಎತ್ತಿದರು. ಸಂಜೆಯ ಹೊತ್ತಿಗೆ ಅವರು ಕಾವಲು ಹಡಗಿನಲ್ಲಿ ಊರು ಮುಟ್ಟಿದರು. ಯೂಸ್ಟೈನ್‌ನ ಎರಡು ಬೆರಳು ಕಪ್ಪಾಗಿದ್ದವು. ಉಳಿದಂತೆ ಗಟ್ಟಿಯಾಗಿದ್ದ.

ಆಸ್ಪತ್ರೆಯಲ್ಲಿ ಟೋರಿಲ್ ಅವನ ತಲೆ ನೇವರಿಸುತ್ತ, ರಿಮ್ಮಾಳನ್ನು ಎಷ್ಟು ಬೇಡಬೇಕಾಯಿತೆಂದು ಹೇಳಿದಳು. ಋಣ ದೊಡ್ಡದೇ. ಆದರೂ ನಾಲ್ಕು ಜೀವಕ್ಕೆ ಅಷ್ಟು ಹೊತ್ತು ಯೋಚಿಸಿದಳಲ್ಲ ಎಂಬ ಮುಳ್ಳು ಒಳಗೆ ಉಳಿದಿತ್ತು. ಅದನ್ನೂ ಹೇಳಿಬಿಟ್ಟಳು.

ಯೂಸ್ಟೈನ್ ಗೋಡೆಯ ಕಡೆ ಮುಖ ತಿರುಗಿಸಿದ. ರಷ್ಯದ ಹಡಗಿನ ಕ್ಯಾಪ್ಟನ್ ತಮ್ಮ ಕಡೆ ನೋಡಲೂ ಇಲ್ಲ ಎಂದ. ತಮ್ಮನ್ನು ಕಾವಲು ಹಡಗಿಗೆ ದಾಟಿಸಿದ್ದೇ ತಡ, ಕತ್ತಲಲ್ಲೇ ಬಂದ ದಾರಿಗೆ ಹಡಗು ತಿರುಗಿಸಿದನಂತೆ. ನಾವಿಕರಲ್ಲಿ ಒಬ್ಬನಿಗೆ ಮಾತ್ರ ಸ್ವಲ್ಪ ನಾರ್ವೇಜಿಯನ್ ಬರುತ್ತಿತ್ತಂತೆ, ವಿಷಯ ಹೇಳಿದ್ದು ಅವನೇ.

"ಅವರು ಬಲೆ ಹಾಕಿರ್ಲಿಲ್ಲ ಅಮ್ಮಾ. ನಿನ್ನೆ ಕಾಣೆಯಾದ ಒಂದು ದೋಣೀನ ಹುಡುಕ್ತಾ ಇದ್ರು, ರೇಡಿಯೋದಲ್ಲಿ ಮಾತಾಡಿದ ಹೆಂಗಸಿನ ಮಗ ಅದರಲ್ಲಿದ್ದನಂತೆ."