ಎತ್ತಿದ ಒಂದೇ ಕೈ

ಕಲ್ಲಿದ್ದಲು ಸ್ಥಾವರದ ಪಕ್ಕದ ಊರಿನ ಸಭೆಯಲ್ಲಿ ಅಣುವಿದ್ಯುತ್ ಸ್ಥಾವರದ ಪರವಾಗಿ ಮಾತಾಡಿ ಮಾತಾಡಿ ಎಂಜಿನಿಯರ್ ಪ್ರಾಣೇಶ ದಣಿದಿದ್ದ. ಹೊಗೆಯಿಲ್ಲ, ಹಾರುಬೂದಿಯಿಲ್ಲ, ಮಳೆಗಾಲ ಬೇಸಿಗೆ ಎನ್ನದೆ ಕರೆಂಟು ಇರುತ್ತದೆ ಎಂದು ಎಷ್ಟು ಹೇಳಿದರೂ ಜನ "ಬ್ಯಾಡ" ಎಂದು ಎದ್ದುಹೋದರು.

ಹಿಂದೆ ಕುಳಿತಿದ್ದ ಹುಲಿಗೆಮ್ಮ ಮಾತ್ರ ಕೆಮ್ಮುತ್ತಲೇ ಕೈ ಎತ್ತಿದಳು.

"ಅದನ್ನ ನಮ್ಮೂರಾಗ ಕಟ್ರಿ, ಸಾಹೇಬ್ರ."

ಅವನಿಗೆ ಹೋದ ಜೀವ ಬಂದಂತಾಯಿತು. "ನೀವೊಬ್ಬರಾದರೂ ನನ್ನ ಮಾತು ನಂಬಿದಿರಲ್ಲ, ಅಮ್ಮ! ಅದರಿಂದ ಏನೂ ಅಪಾಯವಿಲ್ಲ."

"ಅಪಾಯ ಐತೋ ಇಲ್ಲೋ ನನಗ ಗೊತ್ತಿಲ್ರಿ. ಬೂದಿ ಬೀಳೋ ನಮ್ಮ ಮನೀನ ಯಾರೂ ಕೊಳ್ಳವಲ್ರು. ಬಿಟ್ಟು ಹೋಗಾಕ ಬ್ಯಾರೆ ಜಾಗ ಇಲ್ಲ."

"ಮತ್ತೆ ಯಾಕೆ ಕಟ್ಟಿ ಅಂತೀರಿ?"

"ಅದು ಬಂದ್ರ ನಮ್ಮನ್ನ ಇಲ್ಲಿಂದ ಎಬ್ಬಿಸಿ, ದೂರ ಎಲ್ಲೋ ಮನಿ ಕೊಡ್ತೀರಂತಲ್ರಿ, ಅದಕ್ಕ."